ಊರೂರಿಗೂ ಒಂದೇ ಹಳಿ

ಮಂಗಳೂರಿನ ಕಡೆಯಿಂದ ರೈಲಿನಲ್ಲಿ ಸುಬ್ರಹ್ಮಣ್ಯಕ್ಕೆ ಹೋಗುವವರು ಇಳಿಯುವ ನಿಲ್ದಾಣದ ಹೆಸರು ಸುಬ್ರಹ್ಮಣ್ಯ ರೋಡ್. ಅದು ಇರುವ ಊರು ಕಡಬ ತಾಲೂಕಿನ ನೆಟ್ಟಣ. ಇಲ್ಲಿಂದ ಮುಂದೆ ಗಾಡಿಯು ಘಟ್ಟವನ್ನೇರಿ ಸಕಲೇಶಪುರ, ಹಾಸನಗಳ ಕಡೆಗೆ ಸಾಗುತ್ತದೆ. ಮಂಗಳೂರು–ಹಾಸನಗಳ ನಡುವಣ ಈ ಮಾರ್ಗವು 1979ರಲ್ಲಿ ಪೂರ್ಣವಾದಾಗ ಅದರ ಎರಡು ಹಳಿಗಳ ನಡುವಣ ಅಂತರ ಒಂದು ಮೀಟರ್. ದೇಶದ ಮುಖ್ಯ ಮಾರ್ಗಗಳಲ್ಲಾದರೋ ಆ ಅಂತರ 1676 ಮಿಲಿಮೀಟರ್. ಒಂದು ಅಳತೆಯ ಹಳಿಯ ಮೇಲಿನ ಗಾಡಿ ಇನ್ನೊಂದು ಅಳತೆಯ ಹಳಿಯ ಮೇಲೆ ಓಡಲಾರದು. ಎರಡೂ ಕೂಡುವಲ್ಲಿ ಜನರು ಗಾಡಿ ಬದಲಿಸಬೇಕು. ಸರಕನ್ನು ಇಳಿಸಿ ಮತ್ತೆ ಹೇರಬೇಕು. ಈ ತೊಡಕನ್ನು ನೀಗುವುದಕ್ಕಾಗಿ 1996ರಲ್ಲಿ ಘಟ್ಟದ ಸಂಚಾರವನ್ನು ನಿಲ್ಲಿಸಲಾಯಿತು. ಪ್ರಯಾಣಿಕರ ಗಾಡಿಗಳು ಮತ್ತೆ ಓಡತೊಡಗಿದುದು 2007ರ ಡಿಸೆಂಬರಿನಲ್ಲಿ.

ರೈಲುಹಳಿಗೂ ಊರಿನ ಆಡಳಿತಕ್ಕೂ ಏನು ಸಂಬಂಧವೆಂದು ವಿದ್ಯಾರ್ಥಿಗಳು ಕೇಳಬಹುದು. ಸಂಬಂಧವಿದೆ. ಪುತ್ತೂರಿನ ನಗರಸಭೆ, ಸುಳ್ಯ ಮತ್ತು ಕಡಬದ ಪಟ್ಟಣ ಪಂಚಾಯತಿ, ಇವೆಲ್ಲ ಮಾಡುವ ಕೆಲಸ ಬಹುಮಟ್ಟಿಗೆ ಒಂದೇ: ಮನೆಗಳ ತೆರಿಗೆ, ನೀರಿನ ಶುಲ್ಕ, ಅಂಗಡಿಗಳ ಪರವಾನಿಗೆ, ಬೀದಿದೀಪ, ಕಸ ವಿಲೇವಾರಿ. ಈ ಕೆಲಸಗಳಿಗೆ ಇಂದು ಗಣಕಯಂತ್ರ ಬೇಕು, ಅದನ್ನು ನಡೆಸುವ ತಂತ್ರಾಂಶ ಬೇಕು. ಪ್ರತಿಯೊಂದು ಊರೂ ತನ್ನದೇ ತಂತ್ರಾಂಶವನ್ನು ಮಾಡಿಸಿಕೊಳ್ಳಬೇಕೆ? ಅಥವಾ ಎಲ್ಲ ಊರುಗಳೂ ಕೂಡಿ ಒಂದನ್ನು ಹಂಚಿಕೊಳ್ಳಬಹುದೆ?

ಹಂಚಿಕೆಯ ಗಣಿತ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತೆರಿಗೆಯ ತಂತ್ರಾಂಶವನ್ನು ಸಿದ್ಧಪಡಿಸಲು 60 ಲಕ್ಷ ರೂಪಾಯಿ ಖರ್ಚು. ಅದನ್ನು ಒಂದೊಂದು ಊರಿನಲ್ಲಿ ನೆಲೆಗೊಳಿಸಿ ನೌಕರರಿಗೆ ಕಲಿಸಲು ತಲಾ 1 ಲಕ್ಷ. ಒಂದೇ ಊರು ಇದನ್ನು ಮಾಡಿದರೆ ವೆಚ್ಚ 61 ಲಕ್ಷ. ಹತ್ತು ಊರುಗಳು ಕೂಡಿದರೆ ತಲಾ 7 ಲಕ್ಷ. ಅರವತ್ತು ಕೂಡಿದರೆ ತಲಾ 2 ಲಕ್ಷ. ನೂರಿಪ್ಪತ್ತು ಊರುಗಳು ಕೂಡಿದರೆ? ತಲಾ ಒಂದೂವರೆ ಲಕ್ಷ. ಮೊದಲ ಹತ್ತು ಊರುಗಳು ಕೂಡಿದಾಗ ಪ್ರತಿಯೊಂದಕ್ಕೂ ಆದ ಉಳಿತಾಯ 54 ಲಕ್ಷ. ಕೊನೆಯ ಅರವತ್ತು ಸೇರಿದಾಗ ಆದುದು ಅರ್ಧ ಲಕ್ಷ ಮಾತ್ರ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಕರ್ನಾಟಕದಲ್ಲಿ ನಡೆದುದೇನು

1992ರ ಸಂವಿಧಾನದ 74ನೆಯ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯನ್ನು ಸೇರಿಸಿ, ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳನ್ನು ಹೆಸರಿಸಿತು. ಕೆಲಸವೇನೋ ಬಂದಿತು. ಆದರೆ ಹತ್ತಿಪ್ಪತ್ತು ಸಾವಿರ ಜನರ ಪಟ್ಟಣಕ್ಕೆ ಗಣಕತಜ್ಞರನ್ನು ನೇಮಿಸಿಕೊಳ್ಳುವ ಶಕ್ತಿಯೆಲ್ಲಿ? ಆದುದರಿಂದ ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕವು ‘ನಿರ್ಮಲ ನಗರ’ ಯೋಜನೆಯಡಿ ಕೂಡುದಾರಿಯನ್ನು ಹಿಡಿಯಿತು. ಪೌರಾಡಳಿತ ನಿರ್ದೇಶನಾಲಯದಲ್ಲಿ ಮುನ್ಸಿಪಲ್ ರಿಫಾರ್ಮ್ಸ್ ಸೆಲ್ ಎಂಬ ಘಟಕವು ಸ್ಥಾಪಿತವಾಯಿತು. ಅದರ ಕೆಲಸವನ್ನು ಮುಂದೆ ಕರ್ನಾಟಕ ಮುನ್ಸಿಪಲ್ ಡೇಟಾ ಸೊಸೈಟಿ ವಹಿಸಿಕೊಂಡಿತು. ಆಸ್ತಿ ತೆರಿಗೆ, ಸಾರ್ವಜನಿಕರ ದೂರು, ಜಮಾಖರ್ಚು ಮುಂತಾದವುಗಳಿಗೆ ಅನೇಕ ಊರುಗಳಿಗೆ ಒಂದೇ ತಂತ್ರಾಂಶ ದೊರೆಯಿತು. ಲೆಕ್ಕವಿಡುವ ಕ್ರಮವೂ ಒಂದೇ ಆಗಬೇಕಷ್ಟೆ. 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳು ಅದಕ್ಕೆ ಅಡಿಪಾಯವನ್ನು ಹಾಕಿದವು.

ದತ್ತಾಂಶಕ್ಕೂ ಹಳಿ ಬೇಕು

ಯಂತ್ರವನ್ನು ಹಂಚಿಕೊಳ್ಳುವುದು ಸುಲಭ. ದತ್ತಾಂಶವನ್ನು ಹಂಚಿಕೊಳ್ಳುವುದು ಕಷ್ಟ. ದಕ್ಷಿಣ ಕನ್ನಡದಲ್ಲಿ ಮನೆಯ ಜಾಗವನ್ನು ಸೆಂಟ್ಸ್‌ನಲ್ಲಿ ಹೇಳುವುದು ರೂಢಿ. ಘಟ್ಟದ ಮೇಲೆ ಗುಂಟೆಯಲ್ಲಿ. ಒಂದು ಸೆಂಟ್ ಎಂದರೆ 435.6 ಚದರ ಅಡಿ. ಒಂದು ಗುಂಟೆ ಎಂದರೆ 1089 ಚದರ ಅಡಿ. ಸುಳ್ಯದವರ 5 ಸೆಂಟ್ಸ್ ಜಾಗವೂ ಸಕಲೇಶಪುರದವರ 2 ಗುಂಟೆ ಜಾಗವೂ ಸರಿಸಮ: ಎರಡೂ 2178 ಚದರ ಅಡಿ. ಆದರೆ ಗಣಕಕ್ಕೆ ಕೊಟ್ಟುದು ಬರಿಯ ‘5’ ಮತ್ತು ‘2’ ಎಂಬ ಅಂಕೆಗಳಾದರೆ, ಅದು ಮೊದಲನೆಯದನ್ನು ಎರಡೂವರೆ ಪಟ್ಟು ದೊಡ್ಡದೆಂದು ತಿಳಿಯುತ್ತದೆ. ಮಾನವನ್ನು ಹೇಳದ ಅಂಕೆ, ಅಳತೆ ತಪ್ಪಿದ ಹಳಿ ಇದ್ದಂತೆ.

ಅಕ್ಷರಗಳಿಗೂ ಇದೇ ನಿಯಮ ಅನ್ವಯಿಸುತ್ತದೆ. ಗಣಕವು ಅಕ್ಷರವನ್ನು ಸಂಖ್ಯೆಯಾಗಿ ನೆನಪಿಟ್ಟುಕೊಳ್ಳುತ್ತದೆ. ಹಿಂದೆ ಒಂದೊಂದು ಕನ್ನಡ ತಂತ್ರಾಂಶವೂ ಒಂದೊಂದು ಬಗೆಯ ಸಂಖ್ಯೆಗಳನ್ನು ಬಳಸುತ್ತಿದ್ದುದರಿಂದ, ಒಂದು ಕಚೇರಿಯಲ್ಲಿ ಬರೆದ ಹೆಸರು ಇನ್ನೊಂದರಲ್ಲಿ ಅರ್ಥವಿಲ್ಲದ ಗೀಟುಗಳಾಗಿ ಕಾಣಬಹುದಾಗಿತ್ತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಗೊತ್ತುಮಾಡಿದ ಯೂನಿಕೋಡ್ ಈ ತೊಂದರೆಯನ್ನು ಕಳೆಯಿತು. ಅದರಲ್ಲಿ ‘ಕ’ ಅಕ್ಷರದ ಸಂಖ್ಯೆ 3221. ಪುತ್ತೂರಿನಲ್ಲೂ ಅಷ್ಟೆ, ಬೀದರಿನಲ್ಲೂ ಅಷ್ಟೆ.

ಇನ್ನು ಕಡಬದ ನಿದರ್ಶನ. ಅದು ಮೊದಲು ಗ್ರಾಮ ಪಂಚಾಯತಿಯಾಗಿದ್ದು, ಈಗ ಪಟ್ಟಣ ಪಂಚಾಯತಿಯಾಗಿದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯತಿಗಳ ಆಸ್ತಿ ದಾಖಲೆಗಳಿಗೆ ‘ಇ-ಸ್ವತ್ತು’, ನಗರ ಸಂಸ್ಥೆಗಳಿಗೆ ‘ಇ-ಆಸ್ತಿ’ ಎಂಬ ಬೇರೆ ಬೇರೆ ವ್ಯವಸ್ಥೆಗಳಿವೆ. ಗ್ರಾಮವು ಪಟ್ಟಣವಾದಾಗ ಮನೆಗಳು ಇದ್ದಲ್ಲಿಯೇ ಇರುತ್ತವೆ. ಅವುಗಳ ದಾಖಲೆಗಳು ಮಾತ್ರ ಗಾಡಿ ಬದಲಿಸಬೇಕಾಗುತ್ತದೆ. 2024ರಲ್ಲಿ ಪಟ್ಟಣಗಳ ಆಸ್ತಿಯ ನೋಂದಣಿಗೆ ಇ-ಖಾತೆಯು ಕಡ್ಡಾಯವಾಯಿತು. ಸಾಗಿಸುವಾಗ ಒಂದು ಹೆಸರು ತಪ್ಪಿದರೆ, ಒಂದು ಅಳತೆ ಬಿಟ್ಟುಹೋದರೆ, ಆ ಮನೆಯವರು ತಮ್ಮದೇ ಜಾಗವನ್ನು ಮಾರಲು ಕಚೇರಿಗೆ ಅಲೆಯಬೇಕಾಗುತ್ತದೆ. ದತ್ತಾಂಶದ ತಪ್ಪು ಕಾಗದದಲ್ಲಿಯೇ ಉಳಿಯುವುದಿಲ್ಲ. ಅದು ಮನೆಯೊಳಗೆ ಬರುತ್ತದೆ.

ಒಂದೇ ಬುಟ್ಟಿಯ ಅಪಾಯ

ಹಂಚಿಕೆಯಲ್ಲಿ ಲಾಭವಷ್ಟೇ ಇರುವುದೆ? ಜರ್ಮನಿಯ ಪಶ್ಚಿಮ ಭಾಗದಲ್ಲಿ ಅನೇಕ ಊರುಗಳ ಗಣಕಸೇವೆಯನ್ನು ಜ್ಯೂಡ್‌ವೆಸ್ಟ್‌ಫಾಲೆನ್-ಐಟಿ ಎಂಬ ಒಂದೇ ಸಂಸ್ಥೆ ನೋಡಿಕೊಳ್ಳುತ್ತಿತ್ತು. 2023ರ ಅಕ್ಟೋಬರ್ ಕೊನೆಯಲ್ಲಿ ದುಷ್ಕರ್ಮಿಗಳು ಅದರ ಗಣಕಗಳೊಳಗೆ ನುಗ್ಗಿ ದತ್ತಾಂಶಕ್ಕೆ ರಹಸ್ಯಲಿಪಿಯ ಬೀಗ ಜಡಿದರು. ಒಂದು ಕಡೆ ಬಿದ್ದ ಏಟಿನಿಂದ ಎಪ್ಪತ್ತಕ್ಕೂ ಹೆಚ್ಚು ಊರುಗಳ ಕಚೇರಿ ಕೆಲಸ ಸ್ಥಗಿತವಾಯಿತು. ಹಿಂದೆ ಹೇಳಿದ ಗಣಿತವನ್ನು ಈಗ ಸ್ಮರಿಸಿರಿ: ಕೂಡುವ ಊರುಗಳು ಹೆಚ್ಚಿದಂತೆ ಉಳಿತಾಯದ ಏರಿಕೆ ಕುಗ್ಗುತ್ತದೆ, ಒಂದೇ ಪೆಟ್ಟಿಗೆ ಸಿಕ್ಕುವ ಊರುಗಳ ಸಂಖ್ಯೆಯಾದರೋ ಬೆಳೆಯುತ್ತಲೇ ಇರುತ್ತದೆ. ಆದುದರಿಂದ ದತ್ತಾಂಶದ ನಕಲುಗಳನ್ನು ಬೇರೆ ಸ್ಥಳದಲ್ಲಿ, ಒಂದನ್ನಾದರೂ ಜಾಲದ ಸಂಪರ್ಕವಿಲ್ಲದ ಕಡೆಯಲ್ಲಿ ಇಡಬೇಕು. ಯಂತ್ರ ನಿಂತ ದಿನ ಕೈಬರಹದಿಂದ ಕೆಲಸ ನಡೆಸುವ ಅಭ್ಯಾಸವೂ ಇರಬೇಕು.

ಎರಡನೆಯ ಎಚ್ಚರ ಒಡೆತನದ ವಿಷಯದ್ದು. ಡೆನ್ಮಾರ್ಕಿನ ಸ್ಥಳೀಯ ಸರ್ಕಾರಗಳು 1972ರಲ್ಲಿ ಕೂಡಿ ಕಟ್ಟಿದ ಗಣಕಸಂಸ್ಥೆಯ ಹೆಸರು ಕೊಮ್ಯೂನೆಡಾಟಾ. ಹಲವು ದಶಕಗಳ ಅನಂತರ ಅವು ಅದನ್ನು ಖಾಸಗಿಯವರಿಗೆ ಮಾರಿದವು. ತಮ್ಮ ಕೆಲಸಕ್ಕೆ ಒಬ್ಬನೇ ಮಾರಾಟಗಾರನನ್ನು ನಂಬಿ ಕೂರಬಾರದೆಂದು, ಕೂಡಿ ಕೊಳ್ಳುವುದಕ್ಕಾಗಿ 2009ರಲ್ಲಿ ಕೊಂಬಿಟ್ ಎಂಬ ಹೊಸ ಸಂಸ್ಥೆಯನ್ನು ಕಟ್ಟಿಕೊಂಡವು. ತಂತ್ರಾಂಶವನ್ನು ಯಾರಿಂದಲಾದರೂ ಕೊಳ್ಳಬಹುದು. ಊರಿನ ದಾಖಲೆಯ ಒಡೆತನ ಊರಿನದಾಗಿಯೇ ಉಳಿಯಬೇಕು. ಆ ದಾಖಲೆಯಲ್ಲಿರುವ ಜನರ ಖಾಸಗಿ ವಿವರಗಳ ರಕ್ಷಣೆಯೂ ಅಷ್ಟೇ ಮುಖ್ಯ. ನಮ್ಮ ದೇಶದಲ್ಲಿ ಅದಕ್ಕೆಂದೇ 2023ರಲ್ಲಿ ಕಾನೂನು ರಚಿತವಾಯಿತು.

ಹಳಿಯ ಅಳತೆ ಒಂದೇ ಇರಬೇಕು. ಆದರೆ ಗಾಡಿ ಯಾವ ಊರಿನಲ್ಲಿ ನಿಲ್ಲಬೇಕು, ಯಾವ ಸರಕನ್ನು ಹೇರಬೇಕು ಎಂಬುದು ಆಯಾ ಊರಿನ ಅಗತ್ಯಕ್ಕೆ ಬಿಟ್ಟುದು. ಹಂಚಿಕೊಂಡ ತಂತ್ರಜ್ಞಾನದ ತತ್ತ್ವವೂ ಇದೇ. ವಿದ್ಯಾರ್ಥಿಗಳು ಈ ಪಾಠವನ್ನು ತಮ್ಮ ಮನೆಯಲ್ಲಿಯೇ ಪರೀಕ್ಷಿಸಬಹುದು. ಹಿರಿಯರನ್ನು ಕೇಳಿ ಮನೆಯ ತೆರಿಗೆ ರಸೀತಿಯನ್ನೂ ಖಾತೆಯ ಪ್ರತಿಯನ್ನೂ ತೆಗೆಯಿರಿ. ಎರಡರಲ್ಲೂ ಹೆಸರಿನ ಅಕ್ಷರಗಳು ಒಂದೇ ಆಗಿವೆಯೆ? ಜಾಗದ ಅಳತೆ ಯಾವ ಮಾನದಲ್ಲಿದೆ? ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಿದರೆ ಲೆಕ್ಕ ತಾಳೆಯಾಗುವುದೆ? ಆಗದಿದ್ದರೆ, ಹಳಿ ಎಲ್ಲಿ ತಪ್ಪಿದೆಯೆಂಬುದನ್ನು ನೀವೇ ಕಂಡುಹಿಡಿದಂತಾಯಿತು.