ಬೇರು ನುಂಗುವ ಮುಂಚೆ

ಬೇರಿನ ಔಷಧಿ ತಾನೇ, ಏನೂ ಆಗೋದಿಲ್ಲ ಅಂತ ನಾವು ಅಂದುಕೊಳ್ತೀವಿ. ಈ ಸಂಗತಿ ಓದಿ.

ಚೀನಾ ದೇಶದಲ್ಲಿ ಫಾಂಗ್‌ಜಿ ಎಂಬ ಬೇರು ಇದೆ. ಅಲ್ಲಿ ಅದನ್ನು ಮೈ ಊತಕ್ಕೆ ಕೊಡುತ್ತಾರೆ. ಗ್ವಾಂಗ್ ಫಾಂಗ್‌ಜಿ ಬೇರೆ ಬಳ್ಳಿಯ ಬೇರು. ಅದರಲ್ಲಿ ವಿಷವಿದೆ.

1990ರಿಂದ 1992ರವರೆಗೆ ಬೆಲ್ಜಿಯಂ ದೇಶದ ಹೆಂಗಸರು ತೆಳ್ಳಗಾಗಲು ಮಾತ್ರೆ ನುಂಗಿದರು. ಅದರಲ್ಲಿ ಫಾಂಗ್‌ಜಿ ಬದಲು ವಿಷದ ಬೇರು ಸೇರಿತ್ತು. ನೂರಕ್ಕೂ ಹೆಚ್ಚು ಹೆಂಗಸರ ಕಿಡ್ನಿ ಕೆಟ್ಟಿತು. ಕೆಲವರಿಗೆ ಕ್ಯಾನ್ಸರ್ ಕೂಡ ಬಂತು.

ನಮ್ಮ ಈಶ್ವರಿ ಬೇರೂ ಅದೇ ಜಾತಿಯದು. ಅದರಲ್ಲೂ ಅದೇ ವಿಷವಿದೆ. ಹಾವು ಕಚ್ಚಿದರೆ ಅದನ್ನು ತೇಯ್ದು ಕುಡಿಸಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ.

ನಾವೀಗ ಓದು ಕಲಿತಿದ್ದೇವೆ. ಡಬ್ಬಿಯ ಮೇಲಿನ ಹೆಸರು ಓದೋಣ. ಹೆಸರಿಲ್ಲದ ಪುಡಿ, ಮಾತ್ರೆ ಬೇಡ. ಮೊದಲು ಡಾಕ್ಟರನ್ನು ಕೇಳೋಣ.