ಬೂಟ್ ಪಟ್ಟಿಯಲ್ಲಿ ಸ್ನ್ಯಾಪ್‌ಶಾಟ್ ಕಾಣದಿದ್ದರೆ

೨೦೨೫ನೆಯ ಇಸವಿಯ ಅಕ್ಟೋಬರ್ ೧೪ಕ್ಕೆ ವಿಂಡೋಸ್ ೧೦ರ ಸಾಮಾನ್ಯ ಬೆಂಬಲವು ಮುಗಿಯಿತು. ಹಳೆಯ ಪ್ರೊಸೆಸರಿನ ಯಂತ್ರಗಳನ್ನು ವಿಂಡೋಸ್ ೧೧ ಒಪ್ಪುವುದಿಲ್ಲ. ಆದ್ದರಿಂದ ನಾಸಿಕದಲ್ಲೋ ಮುಂಬಯಿಯಲ್ಲೋ ಸೆಕೆಂಡ್‌ಹ್ಯಾಂಡ್ ಕಂಪ್ಯೂಟರ್ ಕೊಂಡ ನಮ್ಮ ವಾಚಕರಿಗೆ ಲಿನಕ್ಸ್ ಹಾಕಿಸಿಕೊಳ್ಳುವುದೇ ಕಡಿಮೆ ಖರ್ಚಿನ ಹಾದಿಯಾಗಿದೆ. ಇದರಲ್ಲಿ ಹೆದರತಕ್ಕದ್ದೇನೂ ಇಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಂಪ್ಯೂಟರ್ ಪಾಠ ಕಲಿಯುವುದು ಉಬುಂಟು ಆಧಾರದ ಲಿನಕ್ಸಿನಲ್ಲಿಯೇ.

ಆದರೆ ಒಂದು ದಿನ ಅಪ್‌ಡೇಟ್ ಹಾಕಿದ ಮೇಲೆ ಯಂತ್ರವು ಮೇಲೇಳುವುದಿಲ್ಲ. ಕಂಟ್ರಾಕ್ಟರನ ಹಾಜರಿ ಪಟ್ಟಿ, ಪ್ರಾವಿಡೆಂಟ್ ಫಂಡಿನ ಕಾಗದಗಳು, ಮಗನ ಕಾಲೇಜಿನ ಅರ್ಜಿ ಎಲ್ಲವೂ ಅದರೊಳಗೆ. ರಿಪೇರಿ ಅಂಗಡಿಯಲ್ಲಿ ಕೇಳಿದರೆ ಬಹುಮಟ್ಟಿಗೆ ಸಿಗುವ ಉತ್ತರ ಒಂದೇ: "ಫಾರ್ಮ್ಯಾಟ್ ಮಾಡಬೇಕು." ಈ ಮಾತಿಗೆ ಹೂಂ ಎನ್ನುವ ಮುನ್ನ ತಿಳಿದಿರಬೇಕಾದ ವಿಷಯವನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಸ್ನ್ಯಾಪ್‌ಶಾಟ್ ಎಂದರೇನು? ಒಳ್ಳೆಯ ಗುಮಾಸ್ತನು ಕಿರ್ದಿಯಲ್ಲಿ ಬರೆದುದನ್ನು ಕೆರೆದು ಅಳಿಸುವುದಿಲ್ಲ. ತಿದ್ದುಪಡಿಯನ್ನು ಹೊಸ ಪುಟದಲ್ಲಿ ಬರೆದು, ಸೂಚಿಯಲ್ಲಿ ಮಾತ್ರ ಪುಟದ ಸಂಖ್ಯೆಯನ್ನು ಬದಲಿಸುತ್ತಾನೆ. ಬಟರ್‌ಎಫ್‌ಎಸ್ ಎಂಬ ಕಡತವ್ಯವಸ್ಥೆಯು ಹೀಗೆಯೇ ಕೆಲಸಮಾಡುತ್ತದೆ. ಒರಾಕಲ್ ಕಂಪನಿಯಲ್ಲಿದ್ದ ಕ್ರಿಸ್ ಮೇಸನ್ ೨೦೦೭ರಲ್ಲಿ ಇದನ್ನು ಪ್ರಕಟಿಸಿದರು. ೨೦೦೯ರಲ್ಲಿ ಲಿನಕ್ಸಿನ ತಿರುಳಿಗೆ ಸೇರಿತು. ಸ್ನ್ಯಾಪ್‌ಶಾಟ್ ಎಂದರೆ ಈ ಹೊತ್ತಿನ ಸೂಚಿಯ ಒಂದು ನಕಲನ್ನು ತೆಗೆದಿಡುವುದು, ಅಷ್ಟೆ. ಹಳೆಯ ಪುಟಗಳು ಇದ್ದಲ್ಲಿಯೇ ಇರುವುದರಿಂದ ಇದಕ್ಕೆ ಒಂದೆರಡು ಕ್ಷಣ ಸಾಕು. ಹೊಸ ಅಪ್‌ಡೇಟ್ ಕೆಟ್ಟರೆ ಹಳೆಯ ಸೂಚಿಯನ್ನು ಹಿಡಿದು ಯಂತ್ರವನ್ನು ಎಬ್ಬಿಸಬಹುದು.

ಎಬ್ಬಿಸುವ ಕೆಲಸ ಬೂಟ್ ಲೋಡರಿನದು. ಹೆಚ್ಚಿನ ಲಿನಕ್ಸುಗಳಲ್ಲಿ ಅದರ ಹೆಸರು ಗ್ರಬ್. ಅದು ತೋರಿಸುವ ಪಟ್ಟಿಯ ಒಂದೊಂದು ಸಾಲೂ ಒಂದು ನಮೂದು. ಇಲ್ಲಿಯೇ ಜನರು ತಪ್ಪು ತಿಳಿಯುವುದು. ನಮ್ಮ ಘೋಟಿ ಸ್ಟೇಷನ್ನಿನ ಬೋರ್ಡಿನಲ್ಲಿ ಒಂದು ಗಾಡಿಯ ಹೆಸರನ್ನು ಬರೆದಿಲ್ಲವೆಂದ ಮಾತ್ರಕ್ಕೆ ಆ ಗಾಡಿ ಇಗತ್‌ಪುರಿಯಿಂದ ಹೊರಟಿಲ್ಲವೆಂದು ಅರ್ಥವೇ? ರದ್ದಾದ ಗಾಡಿಯ ಹೆಸರೂ ಬೋರ್ಡಿನಲ್ಲಿ ಉಳಿದಿರಬಹುದು. ನಮೂದು ಬೇರೆ, ಸ್ನ್ಯಾಪ್‌ಶಾಟ್ ಬೇರೆ. ನಮೂದು ಎಂಬುದು ಯಾರೋ ಯಾವಾಗಲೋ ಬರೆದಿಟ್ಟ ವಿಳಾಸ ಮಾತ್ರ. ಕೆಳಗೆ ಹೇಳುವ ತೊಂದರೆಗಳಲ್ಲಿ ಬಹುಪಾಲು ಈ ಎರಡಕ್ಕೂ ತಾಳ ತಪ್ಪಿದ್ದರಿಂದ ಬರುವಂಥವು.

ಪಟ್ಟಿಯೇ ಕಾಣುವುದಿಲ್ಲವೆಂಬುದು ಎಲ್ಲಕ್ಕಿಂತ ಸಾಮಾನ್ಯವಾದ ದೂರು. ಉಬುಂಟು ಮತ್ತು ಮಿಂಟ್‌ಗಳು, ಯಂತ್ರದಲ್ಲಿ ತಾವೊಂದೇ ಇದ್ದರೆ, ಪಟ್ಟಿಯನ್ನು ಮರೆಮಾಡಿ ನೇರವಾಗಿ ಒಳಕ್ಕೆ ಹೋಗುತ್ತವೆ. ಸ್ವಿಚ್ ಹಾಕಿ ಕಂಪನಿಯ ಗುರುತು ಮೂಡಿದೊಡನೆ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಬೇಕು. ಬಹಳ ಹಳೆಯ ಯಂತ್ರವಾದರೆ ಶಿಫ್ಟ್ ಕೀಲಿಯನ್ನು ಹಿಡಿದಿರಬೇಕು. ಎಸ್ಕೇಪನ್ನು ಗಾಬರಿಯಿಂದ ನಾಲ್ಕು ಸಲ ಒತ್ತಿದರೆ ಗ್ರಬ್ ಎಂದು ಬರೆದ ಕಪ್ಪು ತೆರೆ ಬಂದು ನಿಲ್ಲುತ್ತದೆ. ಏನೂ ಕೆಟ್ಟಿಲ್ಲ, ಯಂತ್ರವನ್ನು ನಿಲ್ಲಿಸಿ ಮತ್ತೆ ಶುರುಮಾಡಿದರಾಯಿತು.

ಪಟ್ಟಿ ಬಂತು, ಆದರೆ ಸ್ನ್ಯಾಪ್‌ಶಾಟಿನ ಸಾಲು ಇಲ್ಲ. ಆಗ ಮೊದಲು ಕೇಳಿಕೊಳ್ಳಬೇಕಾದುದು: ನನ್ನ ಡಿಸ್ಕು ಬಟರ್‌ಎಫ್‌ಎಸ್ ಹೌದೇ? ಯಂತ್ರ ನಡೆಯುತ್ತಿರುವಾಗ ಟರ್ಮಿನಲ್ಲಿನಲ್ಲಿ ಡಿಎಫ್ ಎಂದು ಬರೆದು, ಸ್ವಲ್ಪ ಜಾಗ ಬಿಟ್ಟು, ಅಡ್ಡಗೆರೆ ಮತ್ತು ದೊಡ್ಡಕ್ಷರದ ಟಿ ಬರೆದರೆ ಪ್ರತಿಯೊಂದು ಭಾಗದ ಜಾತಿ ಕಾಣುತ್ತದೆ. ಫೆಡೋರಾದ ಡೆಸ್ಕ್‌ಟಾಪ್ ಆವೃತ್ತಿಗಳಲ್ಲಿ ೨೦೨೦ರಿಂದ ಬಟರ್‌ಎಫ್‌ಎಸ್ ತಾನಾಗಿಯೇ ಬರುತ್ತದೆ, ಓಪನ್‌ಸೂಸೆಯಲ್ಲಿ ಅದಕ್ಕೂ ಮೊದಲಿನಿಂದ. ಆದರೆ ಉಬುಂಟು, ಮಿಂಟ್‌ಗಳನ್ನು ಸುಮ್ಮನೆ ಮುಂದೆ ಮುಂದೆ ಒತ್ತುತ್ತ ಹಾಕಿಸಿದ್ದರೆ ಸಿಗುವುದು ಎಕ್ಸ್ಟ್೪. ಎಕ್ಸ್ಟ್೪ ಮೇಲೆ ಟೈಮ್‌ಶಿಫ್ಟ್ ಪ್ರೋಗ್ರಾಂ ಮಾಡುವುದು ಕಡತಗಳ ನಕಲು. ಅದನ್ನು ಬಳಸಿ ಹಿಂದಕ್ಕೆ ಹೋಗಬಹುದಾದರೂ ಬೂಟ್ ಪಟ್ಟಿಯಲ್ಲಿ ಅದು ಎಂದಿಗೂ ಬಾರದು. ಇಂಥವರು ಪಟ್ಟಿಯನ್ನು ಹುಡುಕುವ ಶ್ರಮವನ್ನು ಬಿಟ್ಟು ಈ ಪಾಠದ ಕೊನೆಗೆ ಹೋಗಬಹುದು.

ಬಟರ್‌ಎಫ್‌ಎಸ್ ಇದೆ ಎಂದಾದರೆ, ಸ್ನ್ಯಾಪ್‌ಶಾಟ್ ನಿಜಕ್ಕೂ ಇದೆಯೇ ಎಂದು ನೋಡಬೇಕು. ಟೈಮ್‌ಶಿಫ್ಟ್ ತೆರೆದರೆ ದಿನಾಂಕಗಳ ಸಾಲು ಕಾಣುತ್ತದೆ. ಅಲ್ಲಿ ಇದ್ದು ಬೂಟ್ ಪಟ್ಟಿಯಲ್ಲಿ ಇಲ್ಲದಿದ್ದರೆ ಬೋರ್ಡು ಬರೆಯುವವನು ಬಂದಿಲ್ಲವೆಂದೇ ಲೆಕ್ಕ. ಮಿಂಟ್‌ನಲ್ಲಿ ಈ ಕೆಲಸ ಮಾಡುವ ಗ್ರಬ್-ಬಟರ್‌ಎಫ್‌ಎಸ್ ಎಂಬ ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಹಾಕಿಸಬೇಕು. ಹಾಕಿಸಿದ ಮೇಲೆ ಸುಡೋ ಅಪ್‌ಡೇಟ್-ಗ್ರಬ್ ಎಂಬ ಆಜ್ಞೆಯನ್ನು ಕೊಟ್ಟರೆ ಪಟ್ಟಿಯು ಹೊಸದಾಗಿ ಬರೆಯಲ್ಪಡುತ್ತದೆ. ಆಗ ತೆರೆಯ ಮೇಲೆ ಸರಿಯುವ ಸಾಲುಗಳನ್ನು ಓದಿರಿ. ಫೌಂಡ್ ಸ್ನ್ಯಾಪ್‌ಶಾಟ್ ಎಂದು ದಿನಾಂಕದೊಡನೆ ಬಂದರೆ ಮುಂದಿನ ಸಲ ಪಟ್ಟಿಯಲ್ಲಿ ಸ್ನ್ಯಾಪ್‌ಶಾಟ್‌ಗಳದೇ ಒಂದು ಉಪಪಟ್ಟಿ ಇರುತ್ತದೆ.

ಇನ್ನು ಕೆಲವರು ಹೇಳುವುದುಂಟು: ಆಜ್ಞೆ ಕೊಟ್ಟ ದಿನ ಎಲ್ಲ ಸರಿಯಾಗಿತ್ತು, ಆಮೇಲಿನ ಸ್ನ್ಯಾಪ್‌ಶಾಟ್‌ಗಳು ಮಾತ್ರ ಬರುತ್ತಿಲ್ಲ ಎಂದು. ಇದರ ಕಾರಣ ಸ್ವಾರಸ್ಯವಾಗಿದೆ. ಗ್ರಬ್-ಬಟರ್‌ಎಫ್‌ಎಸ್ ಜೊತೆಗೆ ಒಬ್ಬ ಕಾವಲುಗಾರನಿದ್ದಾನೆ. ಹೊಸ ಸ್ನ್ಯಾಪ್‌ಶಾಟ್ ಬಿದ್ದೊಡನೆ ಪಟ್ಟಿಯನ್ನು ತಿದ್ದುವುದು ಅವನ ಕೆಲಸ. ಅವನಿಗೆ ಕೊಟ್ಟಿರುವ ವಿಳಾಸವಾದರೋ ಸ್ನ್ಯಾಪರ್ ಎಂಬ ಬೇರೊಂದು ಪ್ರೋಗ್ರಾಮಿನ ಉಗ್ರಾಣದ್ದು. ಟೈಮ್‌ಶಿಫ್ಟ್ ತನ್ನ ಸ್ನ್ಯಾಪ್‌ಶಾಟ್‌ಗಳನ್ನು ಬೇರೆ ಕಡೆ ಇಡುತ್ತದೆ. ಈಚಿನ ಆವೃತ್ತಿಗಳಲ್ಲಂತೂ ಪ್ರತಿ ಸಲ ತೆರೆದಾಗಲೂ ಅಲ್ಲಿಗೆ ಹೋಗುವ ಹಾದಿಯ ಸಂಖ್ಯೆ ಬದಲಾಗುತ್ತದೆ. ಪಾಪ, ಕಾವಲುಗಾರನು ಖಾಲಿ ಮನೆಯನ್ನು ಕಾಯುತ್ತಿರುತ್ತಾನೆ. ಅವನ ಸರ್ವಿಸ್ ಕಡತದಲ್ಲಿ, ಪ್ರೋಗ್ರಾಮನ್ನು ಶುರುಮಾಡುವ ಸಾಲಿನ ಕೊನೆಗೆ ಇರುವ ಸ್ನ್ಯಾಪ್‌ಶಾಟ್ಸ್ ಎಂಬ ವಿಳಾಸವನ್ನು ತೆಗೆದು, ಎರಡು ಅಡ್ಡಗೆರೆಗಳನ್ನು ಮುಂದಿಟ್ಟು ಟೈಮ್‌ಶಿಫ್ಟ್-ಆಟೋ ಎಂದು ಬರೆದು, ಸರ್ವಿಸನ್ನು ಮತ್ತೆ ಶುರುಮಾಡಿದರೆ ತೊಂದರೆ ತೀರುತ್ತದೆ.

ಇದಕ್ಕೆ ತಿರುವುಮುರುವು: ಸಾಲು ಇದೆ, ಆರಿಸಿದರೆ ಕಡತ ಸಿಗಲಿಲ್ಲವೆಂಬ ಉತ್ತರ. ಟೈಮ್‌ಶಿಫ್ಟ್ ನೀವು ಹೇಳಿದಷ್ಟು ಸಂಖ್ಯೆಯನ್ನು ಉಳಿಸಿಕೊಂಡು ಹಳೆಯವನ್ನು ತೆಗೆದುಹಾಕುತ್ತದೆ. ಬೋರ್ಡಿನಲ್ಲಿ ಹೆಸರು ಉಳಿದಿದೆ, ಗಾಡಿ ಇಲ್ಲ. ಬೇರೆ ದಿನಾಂಕದ ಸಾಲನ್ನು ಆರಿಸಿ ಒಳಕ್ಕೆ ಹೋಗಿ, ಅಪ್‌ಡೇಟ್-ಗ್ರಬ್ ಕೊಡಿರಿ.

ಒಳಕ್ಕೆ ಹೋದರೂ ವೈಫೈ ಇಲ್ಲ, ಮೌಸ್ ಅಲುಗುವುದಿಲ್ಲ, ಶಬ್ದವಿಲ್ಲ ಎಂದರೆ ಅದು ಬೇರೆಯೇ ರೋಗ. ಬೂಟ್ ಎಂಬ ಭಾಗವನ್ನು ಡಿಸ್ಕಿನಲ್ಲಿ ಪ್ರತ್ಯೇಕ ತುಂಡಾಗಿ ಮಾಡಿದ್ದರೆ ಲಿನಕ್ಸಿನ ತಿರುಳು, ಅಂದರೆ ಕರ್ನಲ್, ಸ್ನ್ಯಾಪ್‌ಶಾಟಿನ ಹೊರಗೆ ಉಳಿಯುತ್ತದೆ. ಕರ್ನಲ್ ಇಂದಿನದು, ಅದಕ್ಕೆ ಬೇಕಾದ ಡ್ರೈವರುಗಳು ಹೋದ ತಿಂಗಳಿನವು. ಹೊಂದಿಕೆಯಾಗುವುದಾದರೂ ಹೇಗೆ? ಯುನೇಮ್ ಎಂದು ಬರೆದು, ಜಾಗ ಬಿಟ್ಟು, ಅಡ್ಡಗೆರೆ ಮತ್ತು ಸಣ್ಣಕ್ಷರದ ಆರ್ ಕೊಟ್ಟರೆ ನಡೆಯುತ್ತಿರುವ ಕರ್ನಲ್ಲಿನ ಸಂಖ್ಯೆ ಬರುತ್ತದೆ. ಲಿಬ್ ಕಡತಕೋಶದೊಳಗಿನ ಮಾಡ್ಯೂಲ್ಸ್ ಕೋಶದಲ್ಲಿ ಅದೇ ಸಂಖ್ಯೆ ಇಲ್ಲದಿದ್ದರೆ ರೋಗ ಇದೇ. ಪಟ್ಟಿಯಲ್ಲಿ ಹಳೆಯ ಕರ್ನಲ್ಲಿನ ಸಾಲು ಇದ್ದರೆ ಅದನ್ನು ಆರಿಸಬೇಕು. ಹೊಸದಾಗಿ ಹಾಕಿಸುವವರು ಬೂಟ್ ಭಾಗವನ್ನು ಬೇರೆ ಮಾಡಿಸದಿರುವುದೇ ಲೇಸೆಂದು ನನ್ನ ಅಭಿಪ್ರಾಯ.

ಪಟ್ಟಿಯಿಂದ ಹಳೆಯ ದಿನಕ್ಕೆ ಹೋಗಿ ಯಂತ್ರ ಎದ್ದಿತೆಂದು ಕೆಲಸಕ್ಕೆ ತೊಡಗಬಾರದು. ಅದು ಇಣುಕಿ ನೋಡುವ ಕಿಟಕಿ ಮಾತ್ರ. ಮುಂದಿನ ಸಲ ಸಾಮಾನ್ಯ ಸಾಲಿನಿಂದ ಹೊರಟರೆ ಮತ್ತೆ ಅದೇ ಕೆಟ್ಟ ಸ್ಥಿತಿಗೆ ಬರುತ್ತೀರಿ. ಒಳಗೆ ಹೋದೊಡನೆ ಟೈಮ್‌ಶಿಫ್ಟ್ ತೆರೆದು, ಅದೇ ದಿನಾಂಕವನ್ನು ಆರಿಸಿ, ರಿಸ್ಟೋರ್ ಒತ್ತಿ, ಯಂತ್ರವನ್ನು ಪುನಃ ಶುರುಮಾಡಬೇಕು. ಓಪನ್‌ಸೂಸೆಯವರಿಗೆ ಸ್ನ್ಯಾಪರ್ ರೋಲ್‌ಬ್ಯಾಕ್ ಎಂಬ ಆಜ್ಞೆ ಇದೆ. ಸ್ನ್ಯಾಪರಿನ ಸ್ನ್ಯಾಪ್‌ಶಾಟ್‌ಗಳು ಓದಲಿಕ್ಕೆ ಮಾತ್ರ ಇರುವಂಥವು; ಹೀಗಾಗಿ ಬೇರೆ ಕೆಲವು ಲಿನಕ್ಸುಗಳಲ್ಲಿ ಅವುಗಳಿಂದ ಎದ್ದಾಗ ಗುಪ್ತಪದವನ್ನು ಕೊಟ್ಟರೂ ಲಾಗಿನ್ ತೆರೆಯೇ ಮರಳಿ ಬರುವುದುಂಟು. ಗುಪ್ತಪದ ತಪ್ಪಲ್ಲ, ಬರೆಯಲು ಜಾಗವಿಲ್ಲವೆಂದು ಅರ್ಥ.

ಹಾಜರಿ ಪಟ್ಟಿಯ ಗತಿಯೇನು? ಟೈಮ್‌ಶಿಫ್ಟ್ ನಿಮ್ಮ ಹೋಮ್ ಭಾಗವನ್ನು, ನೀವಾಗಿ ಹೇಳದ ಹೊರತು, ಮುಟ್ಟುವುದಿಲ್ಲ. ಯಂತ್ರವು ಹೋದ ವಾರಕ್ಕೆ ಮರಳಿದರೂ ನಿನ್ನೆ ಬರೆದ ಹಾಜರಿ ಹಾಗೆಯೇ ಇರುತ್ತದೆ. ಆದರೆ ಇದೇ ಕಾರಣದಿಂದ, ಕೈತಪ್ಪಿ ಅಳಿಸಿದ ಹಾಜರಿಯನ್ನು ಈ ಸ್ನ್ಯಾಪ್‌ಶಾಟ್ ತಂದುಕೊಡಲಾರದು. ಡಿಸ್ಕೇ ಸುಟ್ಟರೆ ಅದರೊಡನೆ ಸ್ನ್ಯಾಪ್‌ಶಾಟ್‌ಗಳೂ ಹೋದುವು. ಮುಖ್ಯ ಕಾಗದಗಳ ಒಂದು ನಕಲು ಬೇರೆ ಕಡೆ ಇರಲೇಬೇಕು.

ಬೂಟ್ ಪಟ್ಟಿಗೂ ಮುಂಚೆ ಕೆಡುವ ಪ್ರಸಂಗಗಳೂ ಇವೆ. ೨೦೨೪ರ ಆಗಸ್ಟಿನಲ್ಲಿ ಬಂದ ವಿಂಡೋಸಿನ ಒಂದು ಭದ್ರತಾ ಅಪ್‌ಡೇಟ್, ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದ ಅನೇಕ ಯಂತ್ರಗಳಲ್ಲಿ ಲಿನಕ್ಸ್ ಏಳದಂತೆ ಮಾಡಿತು. ಆ ಬದಲಾವಣೆ ಬರೆಯಲ್ಪಟ್ಟದ್ದು ಡಿಸ್ಕಿನಲ್ಲಲ್ಲ, ಯಂತ್ರದ ಮದರ್‌ಬೋರ್ಡಿನ ಸ್ಮೃತಿಯಲ್ಲಿ. ಅಲ್ಲಿಗೆ ಯಾವ ಸ್ನ್ಯಾಪ್‌ಶಾಟೂ ಕೈ ಚಾಚಲಾರದು. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಒಳಕ್ಕೆ ಹೋಗಿ ಸರಿಪಡಿಸಬೇಕಾಯಿತು.

ಪಟ್ಟಿಯ ಯಾವ ಸಾಲೂ ಒಯ್ಯದಿದ್ದರೆ, ಇಲ್ಲವೇ ನಿಮ್ಮ ಡಿಸ್ಕು ಎಕ್ಸ್ಟ್೪ ಆಗಿದ್ದರೆ, ಪೆನ್‌ಡ್ರೈವಿನಲ್ಲಿ ಬರೆದ ಮಿಂಟ್‌ನಿಂದ ಯಂತ್ರವನ್ನು ಎಬ್ಬಿಸಿರಿ. ಡಿಸ್ಕಿಗೆ ಏನನ್ನೂ ಹಾಕಿಸದೆಯೇ ಅದು ನಡೆಯುತ್ತದೆ, ಟೈಮ್‌ಶಿಫ್ಟೂ ಅದರಲ್ಲಿರುತ್ತದೆ. ತೆರೆದು ನಿಮ್ಮ ಡಿಸ್ಕನ್ನು ತೋರಿಸಿದರೆ ಉಳಿದಿರುವ ದಿನಾಂಕಗಳು ಬರುತ್ತವೆ. ಅಲ್ಲಿಂದಲೇ ರಿಸ್ಟೋರ್ ಒತ್ತಬಹುದು. ಇನ್‌ಸ್ಟಾಲ್ ಎಂಬ ಚಿತ್ರವನ್ನು ಮಾತ್ರ ಮುಟ್ಟಬೇಡಿರಿ. ೮ ಜಿಬಿಯ ಪೆನ್‌ಡ್ರೈವ್ ಸಾಕು. ಮಿಂಟನ್ನು ಬರೆಯುವಾಗ ಅದರಲ್ಲಿರುವುದೆಲ್ಲ ಅಳಿಯುವುದರಿಂದ, ಊರಿನ ಫೋಟೋ ಮುಂತಾದವಿದ್ದರೆ ಮೊದಲೇ ಬೇರೆಡೆಗೆ ತೆಗೆದಿಟ್ಟುಕೊಳ್ಳಿರಿ.