ಜೂನ್ 1ರಂದು ಹುಟ್ಟಿದವರ ಮಗಳಿಗೆ

ಬೈಲಹೊಂಗಲ

ಪ್ರೀತಿಯ ತಂಗಿ,

ಭಾರತ ಹುಣ್ಣಿಮೆಯ ದಿನ ಯಲ್ಲಮ್ಮನ ಗುಡ್ಡದಿಂದ ಯಾರದೋ ಫೋನಿನಲ್ಲಿ ನೀನು ಅಳುತ್ತ ಮಾತಾಡಿದ್ದು ಇನ್ನೂ ಕಿವಿಯಲ್ಲಿದೆ. ಹಿಂದೆ 'ಉಧೋ ಉಧೋ' ಎಂಬ ಕೂಗು, ನಡುವೆ ನಿನ್ನ ಬಿಕ್ಕು. "ಅಜ್ಜಾರ, ಪರ್ಸ್ ಹೋತ್ರಿ, ಫೋನೂ ಹೋತು. ಆಧಾರ ಕಾರ್ಡ, ಓಟಿನ ಕಾರ್ಡ ಎಲ್ಲಾ ಅದರಾಗ ಇದ್ದುವು. ನಾ ಯಾರು ಅಂತ ತೋರಸಾಕ ಈಗ ಏನೂ ಉಳದಿಲ್ರಿ" ಎಂದೆ.

ಆ ಮಾತಿಗೆ ಉತ್ತರ ಬರೆಯಲು ಕೂತಿದ್ದೇನೆ. ನಿನಗೊಬ್ಬಳಿಗೇ ಬರೆಯಬಹುದಿತ್ತು. ಆದರೆ 2023ರ ಜೂನ್ 11ರಂದು ಹೆಣ್ಣುಮಕ್ಕಳಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದಾಗಿನಿಂದ ಸವದತ್ತಿ, ರಾಮದುರ್ಗ, ಕಿತ್ತೂರು ಕಡೆಯ ಹೆಣ್ಣುಮಕ್ಕಳು ಬಸ್ ಹತ್ತುವಾಗಲೆಲ್ಲ ಗುರುತಿನ ಚೀಟಿ ಹಿಡಿದೇ ಹೊರಡುತ್ತಾರೆ. ಗದ್ದಲದಲ್ಲಿ ಕಳೆದುಕೊಳ್ಳುವವಳು ನೀನೊಬ್ಬಳೇ ಇರಲಾರೆ. ಅದಕ್ಕೇ ಎಲ್ಲರೂ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಕಣ್ಣು ಒರೆಸಿಕೋ. ಹೋದದ್ದು ಕಾರ್ಡು. ಆಧಾರಿನ 12 ಅಂಕಿ ಎಲ್ಲಿಗೂ ಹೋಗಿಲ್ಲ. ಒಮ್ಮೆ ಬಂದರೆ ಜೀವ ಇರುವವರೆಗೂ ಅವೇ. ಓಟಿನ ಕಾರ್ಡಿನ ಮೂರು ಅಕ್ಷರ, ಏಳು ಅಂಕಿ ಮತದಾರರ ಪಟ್ಟಿಯಲ್ಲಿ ಕೂತೇ ಇವೆ. ಹೊಲದ ಉತಾರ ಕಳೆದರೆ ನಮ್ಮಲ್ಲಿ ಯಾರಾದರೂ ಹೊಲವೇ ಹೋಯಿತೆಂದು ಅಳುತ್ತಾರೇನು? ನಾಡಕಚೇರಿಗೆ ಹೋಗಿ ಇನ್ನೊಂದು ಉತಾರ ತೆಗೆಸುತ್ತಾರೆ. ಇದೂ ಹಾಗೇ.

ಈಗ ಕೆಲಸದ ಸರದಿ. ಪೊಲೀಸ್ ಠಾಣೆಗೆ ಹೋಗಿ ಫೋನು, ಕಾರ್ಡು ಕಳೆದದ್ದನ್ನು ಬರೆದುಕೊಟ್ಟು, ಅದರ ಸ್ವೀಕೃತಿ ತೆಗೆದುಕೋ. ಅದಾದ ಮೇಲೆ ಎಲ್ಲರೂ ಆಧಾರ್ ಕೇಂದ್ರಕ್ಕೆ ಓಡುತ್ತಾರೆ. ನೀನು ಸಿಮ್ಮಿನ ಅಂಗಡಿಗೆ ಹೋಗು. ಕಳೆದ ನಂಬರನ್ನೇ ಮತ್ತೆ ತೆಗೆಸು. ಅಗ್ಗಕ್ಕೆ ಸಿಗುತ್ತದೆಂದು ಹೊಸ ನಂಬರು ಬೇಡ. ಬ್ಯಾಂಕು, ಆಧಾರ್, ಕಾಲೇಜಿನ ವಿದ್ಯಾರ್ಥಿವೇತನ, ಎಲ್ಲದರ ಓಟಿಪಿ ಬರುವುದು ಆ ಒಂದು ನಂಬರಿಗೆ. ಕಾರ್ಡಿಲ್ಲದೆ ಸಿಮ್ ಹೇಗೆ ಕೊಡುತ್ತಾರೆ ಎನ್ನುತ್ತೀಯಾ? ಆಧಾರ್ ನಂಬರು ಗೊತ್ತಿದ್ದರೆ ಹೆಬ್ಬೆಟ್ಟು ಒತ್ತಿದರೆ ಆಯಿತು. ಸಿಮ್ ಬಂದ ಮೊದಲ 24 ಗಂಟೆ ಅದಕ್ಕೆ ಎಸ್ಸೆಮ್ಮೆಸ್ ಬರುವುದಿಲ್ಲ. ಕಳ್ಳರು ನಿನ್ನ ನಂಬರು ತೆಗೆಸಿ ಓಟಿಪಿ ಹೊಡೆಯಬಾರದೆಂದು ಮಾಡಿದ ನಿಯಮ ಅದು. ಓಟಿಪಿ ಬರಲಿಲ್ಲವೆಂದು ಗಾಬರಿಯಾಗಿ ಅಂಗಡಿಯವನ ಮೇಲೆ ಹರಿಹಾಯಬೇಡ. ಕಳೆದ ಫೋನನ್ನು ಯಾರೂ ಬಳಸದಂತೆ ತಡೆಯಲು ಕೇಂದ್ರ ಸರ್ಕಾರದ ಸಿಇಐಆರ್ ತಾಣವಿದೆ. ಪೊಲೀಸರ ಸ್ವೀಕೃತಿ ಅಲ್ಲಿಯೂ ಬೇಕು. ಖಾತೆಯಿಂದ ಹಣ ಹೋದದ್ದು ಕಂಡರೆ ಆ ಕ್ಷಣವೇ 1930ಕ್ಕೆ ಫೋನ್ ಮಾಡು.

ನಂತರ ಆಧಾರ್. ನಂಬರು ಮರೆತಿದ್ದರೂ ಹೆಸರು ಮತ್ತು ನೋಂದಾಯಿತ ಮೊಬೈಲಿನಿಂದ ಮೈ ಆಧಾರ್ ತಾಣದಲ್ಲಿ ಹುಡುಕಬಹುದು. ತಿಳಿಯದಿದ್ದರೆ 1947ಕ್ಕೆ ಕೇಳು. ಸ್ವಾತಂತ್ರ್ಯ ಬಂದ ವರ್ಷವೇ ಸಹಾಯವಾಣಿ, ಮರೆಯುವಂತಿಲ್ಲ. ತಾಣದಿಂದ ಇಳಿಸಿಕೊಂಡ ಇ-ಆಧಾರ್, ಅಂಚೆಯಲ್ಲಿ ಬರುವ ಪ್ಲಾಸ್ಟಿಕ್ ಕಾರ್ಡು, ಎರಡಕ್ಕೂ ಒಂದೇ ಬೆಲೆ. ಝೆರಾಕ್ಸ್ ಅಂಗಡಿಯಲ್ಲಿ ಮಿಂಚುವ ಕಾರ್ಡು ಮಾಡಿಸಬೇಡ. ಅದರ ಕ್ಯೂಆರ್ ಓದಿಸಿದಾಗ ಕೈಕೊಡಬಹುದು. ಪ್ರಿಂಟ್ ತೆಗೆಸಿದ ಮೇಲೆ ಅಂಗಡಿಯ ಕಂಪ್ಯೂಟರಿನಿಂದ ಆ ಕಡತ ಅಳಿಸಿಯೇ ಎದ್ದು ಬಾ.

ಓಟಿನ ಕಾರ್ಡಿಗೆ ನಮೂನೆ 8 ತುಂಬಬೇಕು. ವಿಳಾಸ ಬದಲು, ತಿದ್ದುಪಡಿ, ಬದಲಿ ಕಾರ್ಡು, ಎಲ್ಲಕ್ಕೂ 2022ರ ಆಗಸ್ಟ್‌ನಿಂದ ಅದೊಂದೇ ನಮೂನೆ. ನಿಮ್ಮ ಮತಗಟ್ಟೆಯ ಅಧಿಕಾರಿ ಬಿಎಲ್‌ಓ ಹತ್ತಿರ ಸಿಗುತ್ತದೆ, 1950ಕ್ಕೆ ಫೋನ್ ಮಾಡಿ ವಿಚಾರಿಸಲೂಬಹುದು. ಅದರಲ್ಲಿ ಕಾರ್ಡು ಏಕೆ ಬೇಕೆಂದು ಕೇಳುವ ಕಡೆ ಮೂರು ಉತ್ತರಗಳಿವೆ: ಕಳೆದಿದೆ, ಹರಿದು ಹಾಳಾಗಿದೆ, ನೆರೆ ಬೆಂಕಿಯಂಥ ಕೈಮೀರಿದ ಕಾರಣಕ್ಕೆ ನಾಶವಾಗಿದೆ. ನೀನು ಮೊದಲನೆಯದಕ್ಕೆ ಗುರುತು ಹಾಕು.

ಆ ಮೂರನೆಯ ಸಾಲು ಓದಿದಾಗೆಲ್ಲ ನನಗೆ 2019ರ ಆಗಸ್ಟ್ ನೆನಪಾಗುತ್ತದೆ. ನವಿಲುತೀರ್ಥ ಜಲಾಶಯ ತುಂಬಿ ಮಲಪ್ರಭೆ ಮುನವಳ್ಳಿ, ರಾಮದುರ್ಗಕ್ಕೆ ನುಗ್ಗಿದಾಗ ನೀನು ಸಣ್ಣವಳು. ನೀರು ಇಳಿದ ಮೇಲೆ ಬೀಗರ ಮನೆ ನೋಡಲು ರಾಮದುರ್ಗಕ್ಕೆ ಹೋಗಿದ್ದೆ. ಅಂಗಳದಲ್ಲಿ ಅರಿವೆ ಒಣಗಿಸುವ ಹಗ್ಗಕ್ಕೆ ಚಿಮಟಿಗೆ ಹಾಕಿ ಕಾಗದ ನೇತುಹಾಕಿದ್ದರು: ರೇಷನ್ ಕಾರ್ಡು, ಪಾಸ್‌ಬುಕ್ಕು, ಉತಾರ, ಮಗನ ಹತ್ತನೆಯ ತರಗತಿಯ ಅಂಕಪಟ್ಟಿ. ಲ್ಯಾಮಿನೇಷನ್ ಮಾಡಿಸಿದ್ದ ಆಧಾರ್ ಕಾರ್ಡಿನೊಳಗೆ ಕೆಸರು ನೀರು ಸಿಕ್ಕಿಕೊಂಡು, ಓಲಾಡಿಸಿದರೆ ಮುಖದ ಮೇಲಿಂದ ಕೆಳಗೆ ಹರಿದಾಡುತ್ತಿತ್ತು. ಮನೆಯ ಹಿರಿಯಾಕೆ ಸುಮ್ಮನೆ ಕೂತಿರಲಿಲ್ಲ. ಗೋಡೆಯಲ್ಲಿ ನೀರು ಮುಟ್ಟದ ಎತ್ತರದಲ್ಲಿ, ದೇವರ ಮಾಡದ ಪಕ್ಕ, ಮಗ ಯಾವಾಗಲೋ ಸೀಮೆಸುಣ್ಣದಿಂದ ಗೀಚಿದ್ದ ರೇಷನ್ ಕಾರ್ಡಿನ ನಂಬರನ್ನು ಚೀಟಿಗೆ ಬರೆಸಿಕೊಳ್ಳುತ್ತಿದ್ದಳು. ನಂಬರು ಉಳಿದಿತ್ತು, ಉಳಿದದ್ದು ತಾನಾಗಿ ಬರುತ್ತದೆಂದು ಆಕೆಗೆ ಗೊತ್ತಿತ್ತು.

ಇಷ್ಟರವರೆಗೆ ಹೇಳಿದ್ದನ್ನು ಗ್ರಾಮ ಒನ್ ಕೇಂದ್ರದ ಹುಡುಗನೂ ಹೇಳುತ್ತಾನೆ. ನಾನು ಹೇಳಬೇಕಾದದ್ದು ಬೇರೆ ಇದೆ, ಅದರಲ್ಲಿ ನನ್ನ ತಪ್ಪೂ ಇದೆ.

ಬದಲಿ ಕಾರ್ಡೆಂದರೆ ದಫ್ತರದಲ್ಲಿ ಇದ್ದದ್ದರ ಪಡಿಯಚ್ಚು. ಅಲ್ಲಿ ತಪ್ಪಿದ್ದರೆ ತಪ್ಪೇ ಹೊಸ ಕಾಗದದ ಮೇಲೆ ಮಿರಮಿರ ಮಿಂಚುತ್ತ ಬರುತ್ತದೆ. ಕಾರ್ಡು ಜೇಬಿನಲ್ಲಿ ಇರುವಷ್ಟು ದಿನ ಅದನ್ನು ಯಾರೂ ಓದುವುದಿಲ್ಲ, ತೋರಿಸುತ್ತಾರೆ ಅಷ್ಟೇ. ಕಳೆದಾಗ ಅರ್ಜಿ ತುಂಬಬೇಕಲ್ಲ, ಆಗ ಒಮ್ಮೆ ಓದುವ ಸಂದರ್ಭ ಬರುತ್ತದೆ. ಪ್ರಿಂಟಿಗೆ ಹಣ ಕಟ್ಟುವ ಮೊದಲು ನಿನ್ನ ಹೆಸರು, ತಂದೆಯ ಹೆಸರು, ತಾರೀಖು, ಊರು ಓದು. ಅಂಕಪಟ್ಟಿ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಹೋಲಿಸು.

ನಿಮ್ಮ ಅಪ್ಪನನ್ನು ಕೇಳು. ಹೋದ ವರ್ಷ ಅವನು ಇ-ಆಧಾರ್ ಇಳಿಸಿಕೊಂಡು ನನ್ನ ಮನೆಗೆ ಬಂದಿದ್ದ. ಆ ಕಡತ ತೆರೆಯುವ ಕೀಲಿ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ದೊಡ್ಡ ಅಕ್ಷರದಲ್ಲಿ, ಮುಂದೆ ಹುಟ್ಟಿದ ವರ್ಷ. ಯಲ್ಲಪ್ಪ ಎಂಬುದಕ್ಕೆ 'ವೈ, ಎ, ಎಲ್, ಎಲ್' ಹೊಡೆದೆವು, ತೆರೆಯಲಿಲ್ಲ. ವರ್ಷ ತಪ್ಪೇನೋ ಎಂದು ಮೂರು ವರ್ಷ ಹಿಂದೆ ಮುಂದೆ ಮಾಡಿ ನೋಡಿದೆವು. ಕೊನೆಗೆ ಮೊಮ್ಮಗ ಬಂದು 'ವೈ, ಇ, ಎಲ್, ಎಲ್' ಹೊಡೆದ, ತೆರೆಯಿತು. ಬ್ಯಾಂಕಿನಲ್ಲಿ ಅವನು 'ಎ' ಯಲ್ಲಪ್ಪ, ಆಧಾರಿನಲ್ಲಿ 'ಇ' ಯಲ್ಲಪ್ಪ. ಮನುಷ್ಯ ಒಬ್ಬನೇ, ಕಂಪ್ಯೂಟರಿಗೆ ಇಬ್ಬರು.

ಆ ಕಡತದಲ್ಲಿ ಇನ್ನೊಂದು ಇತ್ತು: ಹುಟ್ಟಿದ ತಾರೀಖು 1-6-1978. ಅದು ನನ್ನ ಅಕ್ಷರ, ತಂಗಿ. 1984ರ ಜೂನಿನಲ್ಲಿ ನಿಮ್ಮ ಮುತ್ತಜ್ಜಿ ಅವನನ್ನು ಕನ್ನಡ ಸಾಲಿಗೆ ಎಳೆದುಕೊಂಡು ಬಂದಿದ್ದಳು. ಎಂದು ಹುಟ್ಟಿದ ಎಂದರೆ, "ಸೀಗಿ ಹುಣ್ಣಿಮಿ ಮುಂದರೀ ಮಾಸ್ತರ, ಎಮ್ಮಿ ಈದ ವಾರ" ಎಂದಳು. ಜನರಲ್ ರಜಿಸ್ಟರಿನಲ್ಲಿ ಎಮ್ಮೆಗೆ ಕಲಂ ಇರಲಿಲ್ಲ. ಆರು ವರ್ಷ ತುಂಬಿದಂತೆ ಲೆಕ್ಕ ಹಾಕಿ ಜೂನ್ 1 ಎಂದು ಬರೆದೆ. ಆ ದಿನ ಬಂದ ಮಕ್ಕಳಲ್ಲಿ ಮುಕ್ಕಾಲು ಪಾಲು ನನ್ನ ಪೆನ್ನಿನಿಂದ ಒಂದೇ ದಿನ ಹುಟ್ಟಿದರು. ನಾನೊಬ್ಬನೇ ಅಲ್ಲ, ನಮ್ಮ ಕಾಲದ ಮಾಸ್ತರರು ಬಹಳ ಜನ ಹೀಗೇ ಮಾಡಿದೆವು. ರಜಿಸ್ಟರು ಸಾಲಿಯ ಕಪಾಟಿನಲ್ಲೇ ಇರುತ್ತದೆ, ಯಾರಿಗೇನು ತೊಂದರೆ ಎಂದುಕೊಂಡಿದ್ದೆವು. ಅದು ಅಂಕಪಟ್ಟಿಗೆ ಹೋಯಿತು, ಅಲ್ಲಿಂದ ಆಧಾರಿಗೆ, ಪ್ಯಾನಿಗೆ, ಪೆನ್ಷನ್ನಿಗೆ. ಸೀಗಿ ಹುಣ್ಣಿಮೆ ಎಲ್ಲೂ ಉಳಿಯಲಿಲ್ಲ.

ಆದರೆ ನಿಮ್ಮ ಅಪ್ಪನಿಗೆ ತಾರೀಖು ತಿದ್ದಿಸಬೇಡ ಎಂದೇ ಹೇಳಿದೆ. ಎಲ್ಲ ಕಾಗದದಲ್ಲೂ ಒಂದೇ ಸುಳ್ಳು ಇದ್ದರೆ ಕಚೇರಿಗೆ ಅದೇ ಸತ್ಯ; ಒಂದರಲ್ಲಿ ಮಾತ್ರ ನಿಜ ಬರೆಸಿದರೆ ಅಂದಿನಿಂದ ಪೀಡೆ. ಆಧಾರಿನಲ್ಲಿ ಹುಟ್ಟಿದ ತಾರೀಖನ್ನು ಜೀವನದಲ್ಲಿ ಒಂದೇ ಸಲ ತಿದ್ದಿಸಬಹುದು, ಹೆಸರನ್ನು ಎರಡು ಸಲ. ಹತ್ತನೆಯ ತರಗತಿಯ ಅಂಕಪಟ್ಟಿಯ ತಾರೀಖಿಗೆ ಕೈಹಚ್ಚಿದರೆ ಕೋರ್ಟಿನ ಮೆಟ್ಟಿಲು. ಅದಕ್ಕೇ ಅಂಕಪಟ್ಟಿಯನ್ನು ಗಟ್ಟಿ ಹಿಡಿದು, ಉಳಿದದ್ದೆಲ್ಲವನ್ನೂ ಅದಕ್ಕೆ ಹೊಂದಿಸು. ಅಪ್ಪ ಹೆಸರಿನ ಆ 'ಇ' ಒಂದನ್ನೇ 'ಎ' ಮಾಡಿಸಿದ.

ನೀನೂ ಹೀಗೆ ತೂಗಿ ನೋಡಬೇಕು. ನಾಳೆ ಮದುವೆಯಾದರೆ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು, ಅಡ್ಡಹೆಸರು ಬದಲಿಸಲು ಎಲ್ಲರೂ ಅವಸರ ಮಾಡುತ್ತಾರೆ. ಬದಲಿಸಲೇಬೇಕೆಂಬ ಕಾಯ್ದೆ ಇಲ್ಲ. ಹೆಸರು ತಿದ್ದಿಸುವ ಎರಡು ಅವಕಾಶದಲ್ಲಿ ಒಂದನ್ನು ಮದುವೆಯ ಹಂದರದಲ್ಲೇ ಖರ್ಚು ಮಾಡಬೇಡ.

ಊರಿನ ಹೆಸರೂ ನೋಡು. ಸವದತ್ತಿಯನ್ನೇ ಹಳೆಯ ದಫ್ತರಗಳು ಸೌಂದತ್ತಿ ಎನ್ನುತ್ತವೆ. ಬೆಳಗಾಂ 2014ರ ನವೆಂಬರ್ 1ರಿಂದ ಬೆಳಗಾವಿ. ಕಿತ್ತೂರು ನಮ್ಮ ಬೈಲಹೊಂಗಲ ತಾಲೂಕಿನಲ್ಲೇ ಇತ್ತು, ಈಗ ತಾನೇ ತಾಲೂಕು. ಯರಗಟ್ಟಿ ಸವದತ್ತಿಯಿಂದ ಬೇರೆಯಾಯಿತು. ಮನುಷ್ಯ ಕದಲದೆ ಕೂತರೂ ವಿಳಾಸ ನಡೆದುಹೋಗುತ್ತದೆ. ವಿಳಾಸ ತಿದ್ದಿಸಲು ಇಷ್ಟೇ ಸಲ ಎಂಬ ಮಿತಿ ಇಲ್ಲ, ಕೈಬಿಡದೆ ಸರಿಮಾಡಿಸು.

ಕಚೇರಿಯಲ್ಲಿ ಯಾರಾದರೂ "ಇದು ನಿಂದ ಅಂತ ಏನ್ ಗ್ಯಾರಂಟಿ" ಎಂದು ಕೇಳಿದರೆ ಸಿಟ್ಟಾಗಬೇಡ. ಕಾಗದದ ಮೇಲೆ ಅನುಮಾನಪಡುವ ಅಧಿಕಾರಿ ನಮ್ಮ ಸೀಮೆಗೆ ಹೊಸಬನಲ್ಲ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜ ತೀರಿಕೊಂಡಾಗ, ಅವರು ಮಾಡಿಕೊಂಡ ದತ್ತಕದ ಕಾಗದವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ನಂಬಲಿಲ್ಲ. ಅದರ ಉತ್ತರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯೆದುರು ಸಿಕ್ಕಿತು. ಆ ಉತ್ತರ ಕೊಟ್ಟ ರಾಣಿ ಚೆನ್ನಮ್ಮನ ಸಮಾಧಿ ನನ್ನ ಮನೆಯಿಂದ ನಡೆದುಹೋಗುವಷ್ಟು ದೂರದಲ್ಲಿದೆ. ನಿನಗೆ ಖಡ್ಗ ಬೇಕಿಲ್ಲ, ಅರ್ಜಿ ಕೊಟ್ಟ ಪ್ರತಿ ಸಲವೂ ಸ್ವೀಕೃತಿ ಸಂಖ್ಯೆ ಕೇಳಿ ತೆಗೆದುಕೋ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಸಕಾಲದ ಸಂಖ್ಯೆ ಕೊಡುತ್ತಾರೆ. ಇಷ್ಟು ದಿನದೊಳಗೆ ಕೊಡಲೇಬೇಕೆಂಬ ಮಾತು ಅದರ ಹಿಂದಿದೆ. ಆ ಸಂಖ್ಯೆ ಕೈಯಲ್ಲಿದ್ದರೆ, ಬೇಗ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟನ ಹತ್ತಿರ ನಿನಗೇನು ಕೆಲಸ?

ಹೆಬ್ಬೆಟ್ಟಿನ ಬಗ್ಗೆ ಒಂದು ಮಾತು. ತೊಂಬತ್ತರ ದಶಕದ ಸಾಕ್ಷರತಾ ಆಂದೋಲನದಲ್ಲಿ ಲಾಟೀನಿನ ಬೆಳಕಲ್ಲಿ ಮುದುಕಿಯರ ಕೈಹಿಡಿದು ಸಹಿ ಕಲಿಸಿದೆ. ಹೆಬ್ಬೆಟ್ಟು ಎಂದರೆ ಆಗ ಬೈಗುಳ. ಈಗ ಎಂ.ಎ. ಓದಿದವರೂ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾರೆ. ಹತ್ತಿ ಬಿಡಿಸಿ, ಕಬ್ಬು ಕಡಿದು ಗೆರೆ ಸವೆದ ಬೆರಳನ್ನು ಯಂತ್ರ ಒಪ್ಪದಾಗ ನಿನ್ನ ಅವ್ವನಂಥವರು ಯಂತ್ರದೆದುರು ತಲೆತಗ್ಗಿಸಿ ನಿಲ್ಲುವುದನ್ನು ನೋಡಿದ್ದೇನೆ. ಅಂಥಲ್ಲಿ ಕಣ್ಣಿನ ಪಾಪೆಯಿಂದಲೋ ಓಟಿಪಿಯಿಂದಲೋ ಆಗುತ್ತದೇನು ಎಂದು ಅವರ ಪರವಾಗಿ ಕೇಳುವವಳು ನೀನಾಗು.

ಕೊನೆಗೆ ಒಂದು ಮನೆಪಾಠ. ನೂರು ಪುಟದ ಒಂದು ವಹಿಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದು ಪುಟ ಮಾಡು. ಆಧಾರಿನ ಕೊನೆಯ ನಾಲ್ಕು ಅಂಕಿ, ಓಟಿನ ಕಾರ್ಡಿನ ಸಂಖ್ಯೆ, ರೇಷನ್ ಕಾರ್ಡಿನ ಸಂಖ್ಯೆ, ಯಾವ ಮೊಬೈಲ್ ಯಾವುದಕ್ಕೆ ಜೋಡಿಸಿದೆ ಎಂಬುದನ್ನು ಬರೆ; ಪಾಸ್‌ವರ್ಡ್, ಪಿನ್ ಅದರಲ್ಲಿ ಬೇಡ. ಡಿಜಿಲಾಕರ್ ತೆರೆದು ಸಿಕ್ಕಿದ್ದನ್ನೆಲ್ಲ ಅಲ್ಲಿ ಇಳಿಸಿಡು. ಅಲ್ಲಿ ಇಲಾಖೆಯೇ ಕೊಟ್ಟ ಪ್ರತಿ ಮೂಲಕ್ಕೆ ಸಮ. ನಿಮ್ಮ ಅಣ್ಣನ ಲೈಸೆನ್ಸನ್ನೂ ಅದರಲ್ಲೇ ತೋರಿಸಬಹುದು. ವಹಿಯನ್ನು ಟ್ರಂಕಿನಲ್ಲಿಟ್ಟು, ಟ್ರಂಕನ್ನು ಅಟ್ಟದ ಮೇಲಿಡಿ. ನಮ್ಮದು ಮಲಪ್ರಭೆಯ ದಂಡೆ.

ಬರೆಯುವಾಗ ಅವ್ವನನ್ನು ಎದುರಿಗೆ ಕೂರಿಸಿಕೋ. ಆಕೆಯ ಕಾರ್ಡನ್ನು ಆಕೆಗೇ ಜೋರಾಗಿ ಓದಿ ಹೇಳು: ಹೆಸರು, ಊರು, ತಾರೀಖು. ಹತ್ತು ಹನ್ನೆರಡು ವರ್ಷದಿಂದ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದ್ದಾಳೆ, ಅದರಲ್ಲಿ ಏನು ಬರೆದಿದೆಯೆಂದು ಆಕೆಗೆ ಯಾರೂ ಓದಿ ಹೇಳಿರಲಿಕ್ಕಿಲ್ಲ. ತಾರೀಖು ಬಂದಾಗ "ಇದು ನಂದಲ್ಲವಾ" ಎಂದರೆ, ಯಾವ ಹುಣ್ಣಿಮೆ ಎಂದು ಕೇಳಿ ಆಕೆಯ ಪುಟದಲ್ಲಿ ಬರೆದುಕೋ. ಜನರಲ್ ರಜಿಸ್ಟರಿನಲ್ಲಿ ನಾನು ಬರೆಯದೆ ಬಿಟ್ಟ ಕಲಂ ಅದು.

ಇಂತಿ ನಿನ್ನ
ಮಾಸ್ತರ ಅಜ್ಜ